ಹಿಡಿದರೆ ಅಂಟುವ ಫಿಗರ್, ಹಳದಿಯಾದ ಬಿಳಿ, ಕಳಚಿ ಬಿದ್ದ ಜಿ.ಐ. ಜೋ

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮ ಮನೆ, ಮೇಲಿನ ಮಹಡಿ. ನನ್ನ ಹತ್ತಿರ ಐವತ್ತರಷ್ಟು ಆ್ಯಕ್ಷನ್ ಫಿಗರ್‌ಗಳಿವೆ (ಕೈಕಾಲು ತಿರುಗುವ ಗೊಂಬೆಗಳು). ಕೆಲವು ಚಿಕ್ಕಂದಿನವು, ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಎನ್ನುವ ಸೈನಿಕ ಗೊಂಬೆಗಳು. ಉಳಿದವು ಈಚೆಗೆ ಕೊಂಡ ಜಪಾನಿ ಫಿಗರ್‌ಗಳು. ಚರ್ಮದ ಜಾಕೆಟ್ ಹಾಕಿದ ಹನ್ನೆರಡು ಇಂಚಿನದೂ ಒಂದಿದೆ. ಮನೆಗೆ ಬಣ್ಣ ಹೊಡೆಸುವಾಗ ಎಲ್ಲವನ್ನೂ ಪೇಪರ್ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನುಸಿಗುಳಿಗೆ ಇಟ್ಟು ಲಾಫ್ಟ್ ಮೇಲೆ ಏರಿಸಿದ್ದೆ. ಬೇಸಿಗೆ ಮುಗಿದ ಮೇಲೆ ಇಳಿಸಿದರೆ ಕೆಲವು ಕೈಗೆ ಅಂಟುತ್ತಿವೆ, ಒಂದೆರಡು ವಾಲಿವೆ, ಜೋಗಳು ಸೊಂಟದಲ್ಲಿ ಕಳಚಿವೆ, ಜಾಕೆಟ್ ಪುಡಿ ಉದುರಿಸುತ್ತಿದೆ. ಒಂದು ಬಿಳಿ ಫಿಗರ್ ಮೊದಲೇ ಹಳದಿಯಾಗಿತ್ತು. ಇವು ಇನ್ನೆಷ್ಟು ವರ್ಷ ಬಾಳಿಕೆ ಬರುತ್ತವೆ? ನಾಲ್ಕು ವರ್ಷದ ಮಗಳು ಆಡಲು ಕೇಳುತ್ತಾಳೆ, ಕೊಡಬಹುದಾ?

ಉತ್ತರ: ಅಂಟಂಟಾದ ಫಿಗರ್ ಹಾಳಾಗಿಲ್ಲ, ತೊಳೆದರೆ ಸರಿಹೋಗುತ್ತದೆ. ವಾಲಿದ್ದನ್ನೂ ನೆಟ್ಟಗೆ ಮಾಡಬಹುದು. ಜೋಗಳು ಕಳಚಿದ್ದಂತೂ ಅತಿ ಸುಲಭದ ರಿಪೇರಿ. ಜಾಕೆಟ್ ಒಂದರ ಆಸೆ ಬಿಡಿ. ಆದರೆ ಪೇಪರ್, ಚೀಲ, ಗುಳಿಗೆ, ಲಾಫ್ಟ್, ಈ ನಾಲ್ಕೂ ಫಿಗರ್‌ಗಳಿಗೆ ಆಗಿಬರುವುದಿಲ್ಲ. ಬಟ್ಟೆಗೆ, ಪುಸ್ತಕಕ್ಕೆ ನಾವು ಮಾಡುವ ಉಪಚಾರವನ್ನೇ ಪ್ಲಾಸ್ಟಿಕ್‌ಗೂ ಮಾಡಿಬಿಡುತ್ತೇವೆ. ಅಲ್ಲೇ ಎಡವಟ್ಟಾಗುವುದು.

ನಾನು ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದವನು, ಫಿಗರ್ ಕೂಡಿಡುವ ಹುಚ್ಚೂ ಇದೆ. ಕೇಳಿದವರಿಗೆಲ್ಲ ಮೊದಲು ಹೇಳುವುದು ಇಷ್ಟೇ: ಒಂದು ಫಿಗರ್ ಎಂದರೆ ಒಂದು ಪ್ಲಾಸ್ಟಿಕ್ ಅಲ್ಲ. ಮುಖ, ಕೂದಲು, ಬೆನ್ನ ಮೇಲಿನ ಬಟ್ಟೆಯಂಥದ್ದು, ಕೆಲವೊಮ್ಮೆ ಕೈಕಾಲು ಕೂಡ, ಇವು ಸಾಮಾನ್ಯವಾಗಿ ಮೆದು ಪಿವಿಸಿ. ಎದೆಯ ಭಾಗ, ಕವಚ, ಗಟ್ಟಿ ಆಯುಧಗಳು ಹೆಚ್ಚಾಗಿ ಎಬಿಎಸ್ ಎನ್ನುವ ಗಟ್ಟಿ ಪ್ಲಾಸ್ಟಿಕ್. ಜಾಯಿಂಟ್ ಒಳಗಿನ ಪಿನ್ನುಗಳು ನೈಲಾನ್ ಅಥವಾ ಪಿಒಎಂ ಎನ್ನುವ ನುಣುಪು ಪ್ಲಾಸ್ಟಿಕ್. ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ, ಸ್ವಲ್ಪ ಬಗ್ಗಿದರೆ ಪಿವಿಸಿ ಎಂದುಕೊಳ್ಳಿ. ಇವು ಕೆಡುವ ರೀತಿಯೇ ಬೇರೆ ಬೇರೆ. ಒಂದಕ್ಕೊಂದು ತಾಗಿದರೂ ಕೆಲವು ಜಗಳ ತೆಗೆಯುತ್ತವೆ.

ಈಗ ಅಂಟಿನ ವಿಷಯ. ಪಿವಿಸಿ ಹುಟ್ಟಿನಿಂದ ಮೆದುವಲ್ಲ. ನಲ್ಲಿ ಪೈಪ್ ನೋಡಿದ್ದೀರಲ್ಲ, ಅದೂ ಪಿವಿಸಿಯೇ. ಅದನ್ನು ಮೆದು ಮಾಡಲು ಪ್ಲಾಸ್ಟಿಸೈಜರ್ ಎನ್ನುವ ಎಣ್ಣೆಯಂಥ ದ್ರವ ಬೆರೆಸುತ್ತಾರೆ. ತುಂಬಾ ಮೆದುವಾದ ಪಿವಿಸಿಯಲ್ಲಿ ತೂಕದ ಮೂರನೇ ಒಂದು ಪಾಲು ಇದೇ ಇರಬಹುದು. ಇದು ಪ್ಲಾಸ್ಟಿಕ್‌ಗೆ ರಾಸಾಯನಿಕವಾಗಿ ಕಟ್ಟಿಕೊಂಡಿರುವುದಿಲ್ಲ, ಸುಮ್ನೆ ಒಳಗೆ ಸೇರಿಕೊಂಡಿರುತ್ತದೆ ಅಷ್ಟೇ. ಬಿಸಿಯಾದಷ್ಟೂ ಮೇಲ್ಮೈಗೆ ಬರುತ್ತದೆ. ಗಾಳಿ ಆಡದ ಕಡೆ ಆರಿಹೋಗಲು ದಾರಿ ಇಲ್ಲ, ಅಲ್ಲೇ ಪದರಾಗಿ ಕೂರುತ್ತದೆ. ಕೈಗೆ ಅಂಟಿದ್ದು ಅದೇ. ಅದರ ಮೇಲೆ ಧೂಳು ಬಿದ್ದರೆ ಕೇಳಬೇಡಿ.

ತೊಳೆಯುವುದು ಹೀಗೆ. ಉಗುರುಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಸಣ್ಣ ಮಕ್ಕಳ ಮೆದು ಟೂತ್‌ಬ್ರಶ್. ಅದ್ದಿ, ನಯವಾಗಿ ಉಜ್ಜಿ, ಬೇರೆ ನೀರಿನಲ್ಲಿ ತೊಳೆಯಿರಿ. ಕೊನೆಯ ನೀರು ಬೋರ್‌ವೆಲ್‌ದು ಬೇಡ. ನಮ್ಮ ಕಡೆ ಬೋರ್ ನೀರು ಗಡಸು, ಒಣಗಿದ ಮೇಲೆ ಕಪ್ಪು ಬಣ್ಣದ ಮೇಲೆ ಬಿಳಿ ಕಲೆ ಬಿಡುತ್ತದೆ. ಕುಡಿಯಲು ಫಿಲ್ಟರ್ ಮಾಡಿದ ನೀರು ಒಂದು ಲೋಟ ಸಾಕು. ನೆರಳಿನಲ್ಲಿ, ಫ್ಯಾನ್ ಕೆಳಗೆ, ಜಾಯಿಂಟ್ ಒಳಗಿನ ನೀರೂ ಹೋಗುವ ತನಕ ಒಣಗಿಸಿ. ಸ್ಕ್ರೂ, ಸ್ಪ್ರಿಂಗ್, ಬ್ಯಾಟರಿ, ಬಟ್ಟೆ ಇರುವ ಫಿಗರ್‌ಗಳನ್ನು ಮುಳುಗಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಸಾಕು. ಒಂದು ಸಲ ತೊಳೆದರೆ ಪೂರ್ತಿ ಹೋಗದೇ ಇರಬಹುದು, ಕೆಲ ತಿಂಗಳ ನಂತರ ಮತ್ತೆ ಸ್ವಲ್ಪ ಬರಬಹುದು. ಮತ್ತೆ ತೊಳೆದರಾಯಿತು. ಥಿನ್ನರ್, ಪೆಟ್ರೋಲ್, ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರವ, ಇವನ್ನು ಹತ್ತಿರವೂ ತರಬೇಡಿ. ಅಂಟು ಹೋಗುತ್ತದೆ ನಿಜ, ಜೊತೆಗೆ ಬಣ್ಣವೂ ಹೋಗುತ್ತದೆ. ಕೆಲವು ಎಬಿಎಸ್ಸನ್ನು ಕರಗಿಸಿಬಿಡುತ್ತವೆ.

ಇಲ್ಲಿ ಸಂಗ್ರಾಹಕರ ನಡುವೆ ಒಂದು ಹಳೆಯ ವಾದ ಇದೆ: ಫಿಗರ್ ಗಾಳಿಗೆ ಇಡಬೇಕೋ, ಮುಚ್ಚಿ ಇಡಬೇಕೋ? ‘ಉಸಿರಾಡಲಿ ಬಿಡಿ’ ಎನ್ನುವವರೇ ಜಾಸ್ತಿ. ಅದು ಅರ್ಧ ನಿಜ. ಗಾಳಿ ಆಡಿದರೆ ಅಂಟು ಕೂರುವುದಿಲ್ಲ. ಆದರೆ ಪ್ಲಾಸ್ಟಿಸೈಜರ್ ಹೊರಗೆ ಹೋಗುವುದು ನಿಂತಿಲ್ಲ, ನಿಮ್ಮ ಕಣ್ಣಿಗೆ ಬೀಳದೆ ಹೋಗುತ್ತಿದೆ ಅಷ್ಟೇ. ದಶಕಗಳ ಲೆಕ್ಕದಲ್ಲಿ ಪಿವಿಸಿ ಬಿರುಸಾಗುತ್ತದೆ, ಕುಗ್ಗುತ್ತದೆ. ಡೆನ್ಮಾರ್ಕಿನ ರಾಷ್ಟ್ರೀಯ ಮ್ಯೂಸಿಯಂನ ಸಂರಕ್ಷಣಾ ವಿಜ್ಞಾನಿ ಇವೊನ್ ಶಶೂವಾ ಮೆದು ಪಿವಿಸಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಗಾಳಿ ಹಾಯಿಸಿ ಇಟ್ಟದ್ದಕ್ಕಿಂತ ಮುಚ್ಚಿದ ಗಾಜಿನೊಳಗೆ ಇಟ್ಟ ಪಿವಿಸಿ ನಿಧಾನವಾಗಿ ಕೆಡುತ್ತದೆ ಎಂದು ಅವರ ಪ್ರಯೋಗಗಳು ತೋರಿಸಿದವು. ಗಾಜು ಪ್ಲಾಸ್ಟಿಸೈಜರನ್ನು ಹೀರುವುದಿಲ್ಲ. ನಾವು ಬಳಸುವ ಪಾಲಿಥೀನ್ ಚೀಲ ಹೀರುತ್ತದೆ. ಹಾಗಾಗಿ ನಿಮ್ಮ ಚೀಲ ಎರಡೂ ಕಡೆಯಿಂದ ಕೆಲಸ ಕೆಡಿಸಿದೆ. ಗಾಳಿಯನ್ನೂ ತಡೆಯಿತು, ಎಣ್ಣೆಯನ್ನೂ ಎಳೆಯಿತು.

ಮನೆಯ ಮಟ್ಟಿಗೆ ನನ್ನ ಅಭಿಪ್ರಾಯ ಇದು. ಗಾಜಿನ ಬಾಗಿಲಿನ ಶೋಕೇಸ್ ಎಲ್ಲಕ್ಕಿಂತ ಒಳ್ಳೆಯದು. ಧೂಳು ತಡೆಯುತ್ತದೆ, ಗಾಳಿಯ ಓಡಾಟ ಕಡಿಮೆ, ಪೂರ್ತಿ ಉಸಿರುಗಟ್ಟುವುದೂ ಇಲ್ಲ. ತಿಂಗಳಿಗೊಮ್ಮೆ ಸಂಜೆ ಹೊತ್ತು ಬಾಗಿಲು ತೆರೆದಿಡಿ. ಹೊಸ ಪ್ಲೈವುಡ್ ಅಥವಾ ಎಂಡಿಎಫ್ ಶೋಕೇಸ್ ಮಾಡಿಸಿದರೆ ವಾಸನೆ ಹೋಗುವ ತನಕ ಖಾಲಿ ಬಿಡಿ. ಮ್ಯೂಸಿಯಂನವರು ಮುಚ್ಚಿದ್ದು ತಂಪಾದ ಕೋಣೆಯಲ್ಲಿ, ನೆನಪಿರಲಿ. ಮೂವತ್ತೆಂಟು ಡಿಗ್ರಿಯಲ್ಲಿ ಮುಚ್ಚಿದರೆ ಅಂಟು ಬಂದೇ ಬರುತ್ತದೆ.

ನಿಮ್ಮ ನಿಜವಾದ ಸಮಸ್ಯೆ ಜಾಗ. ರಾಸಾಯನಿಕ ಕ್ರಿಯೆಗಳ ಬಗ್ಗೆ ಒಂದು ಒರಟು ಲೆಕ್ಕ ಇದೆ: ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಎರಡು ಪಟ್ಟು. ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಹೊರಗೆ ಮೂವತ್ತೇಳೋ ಮೂವತ್ತೆಂಟೋ ಇದ್ದರೆ, ಮೇಲಿನ ಮಹಡಿಯ ಸ್ಲ್ಯಾಬ್ ಕೆಳಗಿನ ಲಾಫ್ಟ್‌ನಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿಯೂ ಬಿಸಿ ಬಿಡುತ್ತದೆ, ಮೇಲಿನ ಮಹಡಿಯಲ್ಲಿ ಮಲಗುವವರಿಗೆ ಹೇಳಬೇಕಾಗಿಲ್ಲ. ಪಶ್ಚಿಮದ ಗೋಡೆಗೆ ತಾಗಿದ ಕಪಾಟು, ತಗಡಿನ ಶೆಡ್ಡು, ಕಾರಿನ ಡಿಕ್ಕಿ, ಇವೂ ಅದೇ ಸಾಲಿಗೆ. ಉತ್ತರದ ಗೋಡೆ, ಒಳಗಿನ ಕೋಣೆ, ಎದೆಯೆತ್ತರಕ್ಕಿಂತ ಕೆಳಗಿನ ಕಪಾಟು ಆರಿಸಿ. ಕೆಳಗಿನ ಮಹಡಿಯಲ್ಲಿ ಅಣ್ಣನೋ ಕಾಕಾನೋ ಇದ್ದರೆ ಬೇಸಿಗೆಗೆ ಮಾತ್ರ ಫಿಗರ್‌ಗಳನ್ನು ಅಲ್ಲಿಗೆ ಕಳಿಸಿ. ಎಸಿ ಹಾಕಿಸಲೇಬೇಕೆಂದಿಲ್ಲ. ತಾಪ ಮತ್ತು ತೇವ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಶೋಕೇಸ್ ಒಳಗೆ ಇಡಿ. ಇಪ್ಪತ್ತೈದರ ಆಸುಪಾಸು ಚೆನ್ನ, ಮೂವತ್ತು ನಡೆಯುತ್ತದೆ, ಮೂವತ್ತೈದು ದಾಟಿದರೆ ಜಾಗ ಬದಲಿಸಿ.

ಊರಿಂದ ಊರಿಗೆ ಇದು ಬದಲಾಗುತ್ತದೆ. ಧಾರವಾಡ ಮಲೆನಾಡಿನ ಅಂಚು. ಅಲ್ಲಿ ಜಿಟಿಜಿಟಿ ಮಳೆ ಹಿಡಿದರೆ ತೇವವೇ ಚಿಂತೆ, ಬಟ್ಟೆ ಹಾಕಿದ ಫಿಗರ್‌ಗಳಿಗೆ ಬೂಷ್ಟು ಬರುತ್ತದೆ. ಹಾನಗಲ್ ಕಡೆಯೂ ಅದೇ ಕತೆ. ಗದಗದಲ್ಲಿ ಒಣ ಬಿಸಿ. ಅಲ್ಲಿ ಫಿಗರ್ ಬಂದ ಡಬ್ಬಿಗಳ ಅಂಟು ಬಿಡುತ್ತದೆ, ಫಿಗರನ್ನು ಕಾರ್ಡಿಗೆ ಹಿಡಿದಿಟ್ಟ ಪ್ಲಾಸ್ಟಿಕ್ ಗುಳ್ಳೆ ಕಳಚುತ್ತದೆ. ಹುಬ್ಬಳ್ಳಿಗೆ ಎರಡೂ ಇದೆ, ಮೇಲೆ ಧೂಳು ಬೋನಸ್. ಧೂಳಿಗೆ ಮೇಕಪ್ ಬ್ರಶ್ ಸಾಕು. ಒಣ ಬಟ್ಟೆಯಿಂದ ಗಸಗಸ ಉಜ್ಜಬೇಡಿ, ಧೂಳಿನ ಕಣಗಳೇ ಬಣ್ಣ ಗೀರುತ್ತವೆ.

ವಾಲಿದ ಫಿಗರ್‌ಗಳಿಗೂ ಬಿಸಿಯೇ ಕಾರಣ. ಬಿಸಿಗೆ ಮೆತ್ತಗಾದ ಕಾಲಿನ ಮೇಲೆ ಮೈಭಾರ ಬಿದ್ದು ಮೆಲ್ಲಗೆ ಬಾಗಿದೆ. ಕುಡಿಯುವ ಚಹಾಕ್ಕಿಂತ ಸ್ವಲ್ಪ ಬಿಸಿ ಇರುವ ನೀರಿನಲ್ಲಿ ಬಾಗಿದ ಭಾಗವನ್ನಷ್ಟೇ ಒಂದೆರಡು ನಿಮಿಷ ಅದ್ದಿ. ಮೆತ್ತಗಾದಾಗ ಬೇಕಾದ ಆಕಾರಕ್ಕೆ ಹಿಡಿದು, ಹಾಗೇ ಹಿಡಿದುಕೊಂಡು ತಣ್ಣೀರಿಗೆ ಇಳಿಸಿ. ಕುದಿಯುವ ನೀರು ಬೇಡ. ಬಣ್ಣ ತೆಳುವಾಗಿದ್ದರೆ ನೀರಿನ ಬದಲು ಹೇರ್ ಡ್ರೈಯರ್ ಬಳಸಿ. ಮುಂದೆ ಭಾರದ ಫಿಗರ್‌ಗಳಿಗೆ ಸೊಂಟ ಹಿಡಿಯುವ ಸ್ಟ್ಯಾಂಡ್ ಕೊಡಿ, ಒಂಟಿ ಕಾಲಿನ ಪೋಸ್ ಬೇಸಿಗೆಯಲ್ಲಿ ಬೇಡ.

ಈಗ ನುಸಿಗುಳಿಗೆ. ಇದನ್ನು ಮನೆಮನೆಯಲ್ಲೂ ಹಾಕುತ್ತಾರೆ, ಅದಕ್ಕೇ ಸ್ವಲ್ಪ ಜೋರಾಗಿ ಹೇಳುತ್ತೇನೆ. ಅದು ನ್ಯಾಫ್ತಲೀನ್. ಅದರ ಆವಿ ಮುಚ್ಚಿದ ಜಾಗದಲ್ಲಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಪಾಲಿಸ್ಟೈರೀನ್ ಮೊದಲ ಬಲಿ, ಬಣ್ಣವೂ ಎದ್ದೀತು. ಬಾತ್‌ರೂಮಿಗೆ ಹಾಕುವ ಬಿಳಿ ಗುಳಿಗೆಗಳಲ್ಲಿರುವ ಇನ್ನೊಂದು ರಾಸಾಯನಿಕ, ಪ್ಯಾರಾಡೈಕ್ಲೋರೋಬೆಂಜೀನ್, ಇದಕ್ಕೇನೂ ಕಡಿಮೆ ಇಲ್ಲ. ಕರ್ಪೂರವೂ ಬೇಡ. ಹತ್ತೊಂಬತ್ತನೇ ಶತಮಾನದಲ್ಲಿ ಸೆಲ್ಯುಲಾಯ್ಡ್ ಮಾಡುವಾಗ ಮೆದು ಮಾಡಲು ಬೆರೆಸುತ್ತಿದ್ದದ್ದೇ ಕರ್ಪೂರ, ಪ್ಲಾಸ್ಟಿಕ್‌ಗೂ ಅದಕ್ಕೂ ಹಳೆಯ ನಂಟು. ಹುಳದ ಭಯ ಇರುವುದು ಡಬ್ಬಿಗೆ, ಫಿಗರ್‌ಗಲ್ಲ. ಡಬ್ಬಿಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಮೇಲೆ ಇಡಿ. ಒರಲೆ, ಜಿರಳೆ ಬಂದರೆ ಬೇಗ ಕಣ್ಣಿಗೆ ಬೀಳುತ್ತವೆ.

ಪೇಪರ್ ಸುತ್ತಿದ್ದು ಇನ್ನೊಂದು. ಮೆದು ಪಿವಿಸಿ ಬಣ್ಣ ಹೀರುತ್ತದೆ. ಪತ್ರಿಕೆಯ ಮಸಿ ಮುಖದ ಮೇಲೆ ಅಚ್ಚಾದರೆ ತೊಳೆದು ತೆಗೆಯಲಾಗದು. ಕಪ್ಪು ಬಟ್ಟೆ ತೊಟ್ಟ ಫಿಗರ್‌ನ ಬಿಳಿ ಮೈಗೂ ಕಲೆ ಹೀಗೇ ಬೀಳುತ್ತದೆ. ಅಚ್ಚಿಲ್ಲದ ಬಿಳಿ ಹಾಳೆ ಅಥವಾ ತೊಳೆದ ಬಿಳಿ ಮಲ್ ಬಟ್ಟೆ ಬಳಸಿ. ಒಂದು ಫಿಗರ್ ಇನ್ನೊಂದಕ್ಕೆ ತಾಗದಂತೆ ಇಡಿ. ಮೆದು ಕೈಯೊಳಗೆ ಗಟ್ಟಿ ಆಯುಧ ವರ್ಷಗಟ್ಟಲೆ ಇದ್ದರೆ ಪ್ಲಾಸ್ಟಿಸೈಜರ್ ಅದಕ್ಕೆ ಇಳಿದು ಎರಡೂ ಕಚ್ಚಿಕೊಳ್ಳುತ್ತವೆ. ಕಟ್ಟಿಡುವಾಗ ಆಯುಧ ಬಿಚ್ಚಿ ಬೇರೆ ಇಡಿ. ಬಟನ್ ಸೆಲ್ ಇದ್ದರೆ ಅದನ್ನೂ ತೆಗೆಯಿರಿ.

ಹಳದಿಯಾದ ಬಿಳಿ ಫಿಗರ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಅದು ಎಬಿಎಸ್ ಇರಬೇಕು. ಬೆಳಕಿನ ಅತಿನೇರಳೆ (ಯುವಿ) ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಅದರೊಳಗಿನ ರಬ್ಬರ್ ಅಂಶವನ್ನು ಕೆಡಿಸುತ್ತವೆ. ಕಿಟಕಿ ಗಾಜು ಇದ್ದರೆ ಸಾಕು ಎನ್ನುವುದು ತಪ್ಪು ಲೆಕ್ಕ. ಸಾಮಾನ್ಯ ಗಾಜು ಯುವಿ-ಬಿ ತಡೆಯುತ್ತದೆ, ಯುವಿ-ಎ ಬಹುಪಾಲು ಒಳಗೆ ಬರುತ್ತದೆ. ಶೋಕೇಸ್ ಒಳಗೆ ಟ್ಯೂಬ್‌ಲೈಟ್ ಬದಲು ಎಲ್‌ಇಡಿ ಹಾಕಿ, ಅದರ ಬಿಸಿ ಫಿಗರ್‌ಗೆ ತಾಗದಿರಲಿ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ವಿಧಾನವೊಂದು ಇದೆ. ಬೆಳ್ಳಗಾಗುತ್ತದೆ. ಹಳದಿ ಮತ್ತೆ ಬರುತ್ತದೆ, ಹಚ್ಚಿದ್ದು ಹೆಚ್ಚುಕಮ್ಮಿಯಾದರೆ ಪಟ್ಟೆ ಪಟ್ಟೆ ಕಾಣುತ್ತದೆ. ನಾನಾಗಿದ್ದರೆ ಹಳದಿಯನ್ನೇ ಒಪ್ಪಿಕೊಳ್ಳುತ್ತೇನೆ.

ಜಾಕೆಟ್‌ದು ಬೇಸರದ ಸುದ್ದಿ. ಅದು ಚರ್ಮ ಅಲ್ಲ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ. ಗಾಳಿಯ ತೇವವೇ ಅದರ ಅಣುಗಳನ್ನು ತುಂಡು ಮಾಡುತ್ತಾ ಬರುತ್ತದೆ. ಸೋಫಾ, ಚಪ್ಪಲಿ, ಬ್ಯಾಗಿನ ಮೇಲ್ಪದರ ಸುಲಿಯುವುದನ್ನು ನೋಡಿರುತ್ತೀರಿ, ಅದೇ ಇದು. ಎಷ್ಟೇ ದುಬಾರಿ ಕಂಪನಿಯದಾದರೂ ನಮ್ಮ ಮಳೆಗಾಲಗಳನ್ನು ಕಂಡ ಜಾಕೆಟ್ ಹತ್ತು ವರ್ಷದೊಳಗೇ ಸುಲಿಯಲು ಶುರು ಮಾಡಿದರೆ ಆಶ್ಚರ್ಯ ಇಲ್ಲ. ಹಾಕಿದರೂ ಅಷ್ಟೇ, ಹಾಕದೆ ಡಬ್ಬಿಯಲ್ಲಿಟ್ಟರೂ ಅಷ್ಟೇ. ಎಣ್ಣೆ, ಶೂ ಪಾಲಿಶ್ ಹಚ್ಚಿದರೆ ಇನ್ನೂ ಬೇಗ ಹೋಗುತ್ತದೆ. ಪುಡಿ ಮೈಗೆ ಅಂಟುವ ಮೊದಲು ಬಿಚ್ಚಿಡಿ. ಒಳ್ಳೆಯ ಟೇಲರ್ ಸಿಕ್ಕರೆ ತೆಳುವಾದ ನಿಜ ಚರ್ಮದಲ್ಲೋ ದಪ್ಪ ಬಟ್ಟೆಯಲ್ಲೋ ಅದೇ ಅಳತೆಗೆ ಹೊಲಿಸಿಕೊಳ್ಳಬಹುದು. ಹಳೆಯದನ್ನೇ ಮಾದರಿಯಾಗಿ ಕೊಡಿ, ಅದಕ್ಕೇ ಅದನ್ನು ಎಸೆಯಬೇಡಿ. ಉಳಿದ ಬಟ್ಟೆಯ ಫಿಗರ್‌ಗಳಿಗೆ ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಡಿ. ತೇವ ನಲವತ್ತರಿಂದ ಐವತ್ತೈದು ಶೇಕಡಾ ಇದ್ದರೆ ಸರಿ. ಜೆಲ್ ಬಣ್ಣ ಬದಲಿಸಿದಾಗ ಓವನ್‌ನಲ್ಲಿ ನೂರಿಪ್ಪತ್ತು ಡಿಗ್ರಿಗೆ ಕಾಯಿಸಿ ಮತ್ತೆ ಬಳಸಬಹುದು, ಆ ತಟ್ಟೆಯನ್ನು ಅಡುಗೆಗೆ ಬಳಸದಿದ್ದರಾಯಿತು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ. ಮನೆಯಲ್ಲಿ ಮಗು ಇದೆ, ಕಿತ್ತಳೆ ಬಣ್ಣದ್ದು ತನ್ನಿ. ಮಗುವಿನ ಕೈಗೆ ಅದೂ ಸಿಗಬಾರದು.

ಇನ್ನು ನನಗೆ ಇಷ್ಟದ ಭಾಗ, ನಿಮ್ಮ ಜಿ.ಐ. ಜೋಗಳು. ಅಮೆರಿಕದ ಆಟಿಕೆ ಕಂಪನಿ ಹ್ಯಾಸ್ಬ್ರೋ 1982ರಲ್ಲಿ ಮೂರೂಮುಕ್ಕಾಲು ಇಂಚಿನ ಈ ಸಾಲು ತಂದಿತು. ಟೈರ್ ಕಂಪನಿ ಎಂಆರ್‌ಎಫ್ ಜೊತೆ ಹ್ಯಾಸ್ಬ್ರೋ ಕೈಜೋಡಿಸಿ 1987ರಲ್ಲಿ ಫನ್‌ಸ್ಕೂಲ್ ಶುರುವಾಯಿತು. ಕಾರ್ಖಾನೆ ನಮ್ಮ ಪಕ್ಕದ ಗೋವಾದಲ್ಲಿ. ಅಮೆರಿಕದವಕ್ಕಿಂತ ಬೇರೆ ಬಣ್ಣಗಳಲ್ಲಿ ಬಂದ ಕೆಲವು ಫನ್‌ಸ್ಕೂಲ್ ಜೋಗಳನ್ನು ಈಗ ಹೊರದೇಶದವರು ಹುಡುಕಿ ಕೊಳ್ಳುತ್ತಾರೆ. ನಿಮ್ಮವನ್ನು ಹಗುರವಾಗಿ ನೋಡಬೇಡಿ.

ಅವು ಕಳಚಿದ್ದಕ್ಕೆ ಕಾರಣ ಒಳಗಿನ ಒಂದು ಸಣ್ಣ ರಬ್ಬರ್ ರಿಂಗ್. ಎದೆ, ಸೊಂಟ, ಕಾಲು ಮೂರನ್ನೂ ಹಿಡಿದಿಟ್ಟಿರುವುದು ಅದೊಂದೇ. ರಬ್ಬರ್ ವಯಸ್ಸಾಗಿ ಬಿರಿಯುತ್ತದೆ, ಲಾಫ್ಟ್ ಬಿಸಿ ಅದನ್ನು ಮುಗಿಸಿದೆ. ಪ್ಲಾಸ್ಟಿಕ್‌ಗೆ ಏನೂ ಆಗಿರುವುದಿಲ್ಲ. ಬೆನ್ನಿನ ಮೇಲೆ ಒಂದು ಸ್ಕ್ರೂ ಇದೆ. ತಲೆ ಸವೆಯದಂತೆ ಸರಿಯಾದ ಅಳತೆಯ ವಾಚ್ ಸ್ಕ್ರೂಡ್ರೈವರ್‌ನಿಂದ ಬಿಚ್ಚಿ. ತಟ್ಟೆಯ ಮೇಲೆ ಕೂತು ಮಾಡಿ, ತುಂಡುಗಳು ಉರುಳುತ್ತವೆ. ಕಾಲುಗಳ ನಡುವಿನ ಲೋಹದ ಕೊಕ್ಕೆಗೆ ಹೊಸ ರಿಂಗ್ ಹಾಕಿ, ಸೊಂಟದ ತುಂಡಿನೊಳಗಿಂದ ಮೇಲೆ ಎಳೆದು, ಎದೆಯೊಳಗಿನ ಸ್ಕ್ರೂ ಕಂಬಕ್ಕೆ ಸಿಕ್ಕಿಸಿ. ತಲೆ, ಕೈ ಕೂರಿಸಿ ಮುಚ್ಚಿ. ಮುರಿದ ರಿಂಗ್ ಅಥವಾ ಚೆನ್ನಾಗಿರುವ ಇನ್ನೊಂದು ಫಿಗರ್‌ನ ರಿಂಗ್ ಹಿಡಿದುಕೊಂಡು ಬೇರಿಂಗ್, ಆಯಿಲ್ ಸೀಲ್ ಮಾರುವ ಅಂಗಡಿಗೆ ಹೋಗಿ, ‘ಓ-ರಿಂಗ್’ ಎಂದು ಕೇಳಿ. ದಪ್ಪವಾದದ್ದು ಕೊಡುತ್ತಾರೆ, ತೆಗೆದುಕೊಳ್ಳಬೇಡಿ. ತುಂಬಾ ಬಿಗಿಯಾದರೆ ಕಾಲುಗಳ ನಡುವಿನ ತುಂಡು ಮುರಿಯುತ್ತದೆ, ಅದು ಮುರಿದರೆ ಅದಕ್ಕೆ ಮದ್ದಿಲ್ಲ.

ಸ್ಕ್ರೂ ವಾಪಸ್ ಹಾಕುವಾಗ ಒಂದು ಕೈಚಳಕ: ಮೊದಲು ಉಲ್ಟಾ ತಿರುಗಿಸಿ. ‘ಟಕ್’ ಎಂದು ಹಳೆಯ ಥ್ರೆಡ್‌ನಲ್ಲಿ, ಅಂದರೆ ಸ್ಕ್ರೂ ಮೊದಲು ಕೊರೆದ ಗೆರೆಯಲ್ಲಿ, ಕೂತದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಸರಿ ದಿಕ್ಕಿಗೆ ಬಿಗಿ ಮಾಡಿ. ನೇರ ಬಿಗಿ ಮಾಡಿದರೆ ಹೊಸ ಥ್ರೆಡ್ ಕೊರೆದು ಪ್ಲಾಸ್ಟಿಕ್ ಸೀಳುತ್ತದೆ. ಇದು ಮಿಕ್ಸರ್, ರೇಡಿಯೋ ಯಾವುದಕ್ಕೂ ನಡೆಯುತ್ತದೆ. ಜೋಗಳ ಇನ್ನೊಂದು ದುರ್ಬಲ ಜಾಗ ಹೆಬ್ಬೆರಳು. ಬಂದೂಕನ್ನು ಒತ್ತಿ ತುರುಕಬೇಡಿ. ಕೈಯನ್ನು ಬಿಸಿನೀರಿಗೆ ಹಿಡಿದು ಸ್ವಲ್ಪ ಮೆತ್ತಗೆ ಮಾಡಿಕೊಳ್ಳಿ.

ಜಪಾನಿ ಫಿಗರ್‌ಗಳಲ್ಲೂ ಬಿಗಿಯಾದ ಜಾಯಿಂಟ್‌ಗೆ ಇದೇ ಬಿಸಿನೀರು. ಸಡಿಲಾದದ್ದಕ್ಕೆ ಕೆಲವರು ಫೆವಿಕ್ವಿಕ್‌ನಂಥ ಅಂಟು ಹಾಕುತ್ತಾರೆ. ಒಂದೋ ಜಾಯಿಂಟ್ ಕಾಯಂ ಕಚ್ಚುತ್ತದೆ, ಇಲ್ಲ ಅದರ ಆವಿ ಸುತ್ತಲೂ ಬೆಳ್ಳಗೆ ಬೂದಿ ಬಳಿದಂತೆ ಕೂರುತ್ತದೆ. ಬಿಳಿ ಫೆವಿಕಾಲ್ ಸ್ವಲ್ಪ ನೀರು ಬೆರೆಸಿ ಜಾಯಿಂಟ್ ಒಳಗಿನ ಗೋಲಿಯಂಥ ತುದಿಯ ಮೇಲೆ ತೆಳುವಾಗಿ ಹಚ್ಚಿ, ಒಂದು ರಾತ್ರಿ ಪೂರ್ತಿ ಒಣಗಿದ ಮೇಲೆ ಜೋಡಿಸಿ. ಬೇಡವಾದರೆ ಸುಲಿದು ತೆಗೆಯಬಹುದು. ಕಿರುಗುಟ್ಟುವ ಜಾಯಿಂಟ್‌ಗೆ ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ, ವ್ಯಾಸಲೀನ್ ಬೇಡ. ಎಬಿಎಸ್‌ನಲ್ಲಿ ಒತ್ತಡ ಇರುವ ಕಡೆ ಎಣ್ಣೆ ಸೇರಿದರೆ ಬಿರುಕು ಬಿಡುತ್ತದೆ, ರಬ್ಬರ್ ಉಬ್ಬುತ್ತದೆ. ಸಿಲಿಕೋನ್ ಗ್ರೀಸ್ ಕಡ್ಡಿ ತುದಿಯಷ್ಟು ಸಾಕು.

ಬಾಳಿಕೆಯ ಲೆಕ್ಕ ಕೇಳಿದ್ದೀರಿ. ಎಂಬತ್ತರ ದಶಕದ ಗಟ್ಟಿ ಪ್ಲಾಸ್ಟಿಕ್ ಫಿಗರ್‌ಗಳು ನಲವತ್ತು ವರ್ಷ ಕಳೆದೂ ಚೆನ್ನಾಗಿವೆ, ರಬ್ಬರ್ ಬದಲಿಸುತ್ತಾ ಹೋದರೆ ನಿಮ್ಮ ಜೋಗಳೂ ಇನ್ನೊಂದು ತಲೆಮಾರು ಇರುತ್ತವೆ. ಮೆದು ಪಿವಿಸಿ ತಂಪಿನಲ್ಲಿದ್ದರೆ ಕೆಲವು ದಶಕ. ಪಾಲಿಯುರೆಥೇನ್ ಇರುವುದನ್ನು ಇನ್ನು ಕೊಳ್ಳುವ ಮೊದಲೇ ಯೋಚಿಸಿ. ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಒಂದು ಅಪವಾದ, ಎಂಬತ್ತು-ತೊಂಬತ್ತರ ದಶಕದ ಕೆಲವು ಟ್ರಾನ್ಸ್‌ಫಾರ್ಮರ್ಸ್ ರೋಬೋ ಗೊಂಬೆಗಳ ಚಿನ್ನದ ಮಿನುಗಿನ ಪ್ಲಾಸ್ಟಿಕ್. ಅದು ಡಬ್ಬಿಯಲ್ಲೇ ಇದ್ದರೂ ಬಿರುಸಾಗಿ ಪುಡಿಯಾಗುತ್ತದೆ. ಅಂಥದ್ದು ಸಿಕ್ಕರೆ ತಿರುಗಿಸಿ ನೋಡುವ ಆಸೆ ಬೇಡ.

ಮಗಳ ವಿಷಯ. ಹಳೆಯ ಫಿಗರ್‌ಗಳು ಬೇಡ. ಆ ಕಾಲದ ಕೆಂಪು, ಹಳದಿ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ. ಅಂಟು ಬಂದ ಪಿವಿಸಿಯೂ ಬೇಡ, ಹಳೆಯ ಪ್ಲಾಸ್ಟಿಸೈಜರ್‌ಗಳಲ್ಲಿ ಥಾಲೇಟ್ ಎನ್ನುವ, ಮಕ್ಕಳಿಗೆ ಆಗದ ರಾಸಾಯನಿಕಗಳೇ ಹೆಚ್ಚು. ಸಂತೆ, ಜಾತ್ರೆಯ ನಕಲಿ ಫಿಗರ್‌ಗಳು ಮೂಗಿಗೆ ಹೊಡೆಯುವ ವಾಸನೆ ಬರುತ್ತಿದ್ದರೆ ಕೊಳ್ಳಲೇಬೇಡಿ. ಜಪಾನಿ ಫಿಗರ್‌ಗಳು ದೊಡ್ಡವರಿಗಾಗಿಯೇ ಮಾಡಿದವು, ಸಣ್ಣ ಕೈ, ಆಯುಧ ಕಳಚಿ ಬಾಯಿಗೆ ಹೋಗುತ್ತವೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆ ಗುರುತು ಇರುವ, ವಯಸ್ಸಿಗೆ ತಕ್ಕ ದೊಡ್ಡ ಗಟ್ಟಿ ಫಿಗರ್ ಒಂದೆರಡು ಅವಳಿಗೇ ಅಂತ ತಂದುಕೊಡಿ. ಶೋಕೇಸಿನ ಬೀಗದ ಕೈ ಮಾತ್ರ ಅವಳ ಕೈಗೆ ಎಟುಕದ ಕಡೆ ಇರಲಿ.